ಒಡೆಯಿತೆಂದು ನಾನು ಹೇಳಿದ ಕಲ್ಲು

ನಾನು ಹೇಳಿದ ಸುಳ್ಳೊಂದು ಅಚ್ಚಾಗಿ, ಗಾಜಿನ ಚೌಕಟ್ಟು ಹಾಕಿಸಿಕೊಂಡು, ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿದ್ದನ್ನು ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಕಣ್ಣಾರೆ ಓದಿದೆ. ಅಲ್ಲಿಂದ ಪಿತೃಪಕ್ಷದವರೆಗೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಅತ್ತಿಗುಪ್ಪೆಯ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವ ಮುದುಕರ ಗುಂಪು ನಮ್ಮದು. ಅದರಲ್ಲಿ ಒಬ್ಬರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅವರೇ ಒಂದು ದಿನ ಸುದ್ದಿ ತಂದರು.

"ಕೆಂಗೇರಿ ಹತ್ರ ಹಳೇ ರಸ್ತೆಗಳ ಮ್ಯೂಸಿಯಂ ಮಾಡಿದಾರಂತೆ ಕಣ್ರೀ. ನೀವು ಮಾಡಿದ ಗುಂಡಿಗಳನ್ನೂ ಜೋಪಾನವಾಗಿ ಎತ್ತಿಟ್ಟಿರ್ತಾರೆ. ಬನ್ನಿ, ನೋಡ್ಕೊಂಡು ಬರೋಣ."

ನಾನು ರಸ್ತೆ ಕಂಟ್ರಾಕ್ಟರರ ಹತ್ತಿರ ಮೇಸ್ತ್ರಿಯಾಗಿದ್ದೆ ಎಂಬುದು ಅವರಿಗೆ ಗೊತ್ತು. ದಿನಕ್ಕೊಂದು ಸಲವಾದರೂ ಗುಂಡಿಯ ಮಾತು ತೆಗೆಯದಿದ್ದರೆ ಅವರಿಗೆ ತಿಂಡಿ ಜೀರ್ಣವಾಗದು.

ಹಳೆಯ ಶಾಲೆಯ ಎರಡು ಕೋಣೆಗಳಲ್ಲಿ ಆ ಸಂಗ್ರಹಾಲಯವಿತ್ತು. ಚರಿತ್ರೆ ಪಾಠ ಮಾಡಿ ನಿವೃತ್ತರಾದ ಮೇಡಂ ಒಬ್ಬರು ನಡೆಸುತ್ತಿದ್ದರು. ಮೈಸೂರು ರಸ್ತೆ, ಮಾಗಡಿ ರಸ್ತೆಗಳು ಗಾಡಿಜಾಡಾಗಿದ್ದ ಕಾಲದ ನಕ್ಷೆ, ಅಕ್ಷರ ಸವೆದ ಮೈಲಿಗಲ್ಲುಗಳು, ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ, ಜಲ್ಲಿ ಒಡೆಯುವ ಸುತ್ತಿಗೆ. ಒಂದು ಮೂಲೆಯಲ್ಲಿ ಹಿಡಿಯಿದ್ದ ಕಬ್ಬಿಣದ ಬಳೆಯೊಂದನ್ನು ತೂಗುಹಾಕಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದಿದ್ದರು. ಅದು ಜಲ್ಲಿಯ ಅಳತೆಯ ಬಳೆ. ಒಡೆದ ಜಲ್ಲಿ ಯಾವ ಕಡೆಯಿಂದ ತೂರಿಸಿದರೂ ಅದರೊಳಗೆ ಹಾಯಬೇಕು, ಹಾಯದಿದ್ದರೆ ಇನ್ನೊಂದು ಏಟು. ನಾನು ಅದನ್ನು ಹೇಳಿದಾಗ ಮೇಡಂ ಅಲ್ಲೇ ಬರೆದುಕೊಂಡರು. ಕಂಡಕ್ಟರು ನನ್ನ ಬೆನ್ನು ತಟ್ಟಿದರು. ಆ ಖುಷಿಯಲ್ಲೇ ಅಂಗಳಕ್ಕೆ ಬಂದೆ.

ಅಂಗಳದ ನಡುವೆ ಸಿಮೆಂಟಿನ ಕಟ್ಟೆಯ ಮೇಲೆ ಆಳೆತ್ತರಕ್ಕೂ ಮಿಗಿಲಾದ ಎರಡು ಕಲ್ಲುಗಳು ನಿಂತಿದ್ದವು. ಎರಡರ ನೆತ್ತಿಯಲ್ಲೂ ಕಲ್ಲಿನಲ್ಲೇ ಗೂಟದಂತೆ ಕಡೆದ, ಮುಷ್ಟಿಯಷ್ಟು ದಪ್ಪದ ಕುತ್ತಿ. ಆ ಕುತ್ತಿಗಳ ಮೇಲೆ ಕೂರಬೇಕಾದ ಅಡ್ಡಗಲ್ಲು ಇರಲಿಲ್ಲ. ನೋಡಿದೊಡನೆ ಗುರುತಾಯಿತು. ಆದರೂ ಫಲಕ ಓದಿದೆ.

"ಹೊರೆಗಲ್ಲು. ತಲೆಯ ಮೇಲೆ ಹೊರೆ ಹೊತ್ತು ಒಂಟಿಯಾಗಿ ನಡೆಯುವವರು ಇನ್ನೊಬ್ಬರ ಸಹಾಯವಿಲ್ಲದೆ ಅದನ್ನು ಇಳಿಸಿ ದಣಿವಾರಿಸಿಕೊಳ್ಳಲೆಂದು ದಾರಿಯ ಬದಿ ನಿಲ್ಲಿಸುತ್ತಿದ್ದ ಕಲ್ಲು. ಇದು ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಗಳೊಬ್ಬಳ ನೆನಪಿಗೆ ಆಕೆಯ ಮನೆಯವರು ನಿಲ್ಲಿಸಿದ್ದು. ಮೇಲಿನ ಅಡ್ಡಗಲ್ಲು ರಸ್ತೆ ಅಗಲ ಮಾಡುವಾಗ ಒಡೆದು ಜಲ್ಲಿಯಾಯಿತು."

ಕೊನೆಯ ವಾಕ್ಯ ನನ್ನದು. ನಾನು ಹೇಳಿದ್ದು, ನನ್ನ ಬಾಯಿಂದಲೇ ಹೊರಟದ್ದು. ಆ ಕಲ್ಲು ಒಡೆದಿರಲಿಲ್ಲ.

ಈಗಿನ ಚಂದ್ರಾ ಲೇಔಟಿನಾಚೆ ಆಗ ರಾಗಿ ಹೊಲಗಳಿದ್ದವು. ಅಲ್ಲಿನ ಹಳ್ಳಿಗೆ ಹೋಗುವ ಗಾಡಿರಸ್ತೆಯನ್ನು ಅಗಲ ಮಾಡಿ ಟಾರು ಹಾಕುವ ಕೆಲಸ ನಮಗೆ ಬಂದಿತ್ತು. ನೀರು ದಾಟಲು ಮೂರು ಮೋರಿ ಕಟ್ಟಬೇಕಿತ್ತು. ಎರಡು ಬದಿ ಕಲ್ಲಿನ ಗೋಡೆ ಕಟ್ಟಿ, ಮೇಲೆ ಆರೂವರೆ ಅಡಿ ಉದ್ದದ ಚಪ್ಪಡಿಗಳನ್ನು ಹಾಸುವುದು. ಮೂರನೆಯ ಮೋರಿಗೆ ಏಳು ಚಪ್ಪಡಿ ಬಂದಿದ್ದವು. ಲಾರಿಯಿಂದ ಚಪ್ಪಡಿ ಇಳಿಸುವ ಕಡೆ ಮರಳು ಸುರಿದು ಮೆತ್ತೆ ಮಾಡಬೇಕು. ಅದು ನನ್ನ ಕೆಲಸ. ಅವಸರದಲ್ಲಿ ಸುರಿಸಲಿಲ್ಲ. ಒಂದು ಚಪ್ಪಡಿ ಗಟ್ಟಿ ನೆಲಕ್ಕೆ ಬಿದ್ದು ನಡುವೆ ಮುರಿಯಿತು. ಮಾರನೆಯ ದಿನ ಟಾರು ಬರುವುದಿತ್ತು. ಕಂಟ್ರಾಕ್ಟರು ಬಂದು ಆರು ಚಪ್ಪಡಿ ಎಣಿಸಿದರೆ ಕೆಲಸ ಹೋಗುತ್ತದೆಂಬ ಭಯ.

ಮೋರಿಯಿಂದ ನಲವತ್ತು ಹೆಜ್ಜೆ ಆಚೆ, ಹುಣಸೆಮರದಡಿ, ಹೊರೆಗಲ್ಲು ನಿಂತಿತ್ತು. ಅದರ ಅಡ್ಡಗಲ್ಲೂ ಆರೂವರೆ ಅಡಿಯೇ. ನಾಲ್ಕು ಆಳು ಕರೆದು ಇಳಿಸಿದೆ, ಈ ಸಲ ಮರಳು ಸುರಿಸಿ. ಅದರ ಹೊಟ್ಟೆಯಲ್ಲಿ ಕುತ್ತಿ ಕೂರುವ ಎರಡು ಗುಣಿಗಳಿದ್ದವು. ಗುಣಿಯ ಮುಖ ಕೆಳಗೆ ಮಾಡಿ ಏಳನೆಯ ಚಪ್ಪಡಿಯಾಗಿ ಕೂರಿಸಿ, ಮೇಲೆ ಮಣ್ಣು ಜಲ್ಲಿ ಹರಡಿಸಿಬಿಟ್ಟೆ.

ಬೆಳಿಗ್ಗೆ ಹಳ್ಳಿಯಿಂದ ಅಜ್ಜಿಯೊಬ್ಬರು ಬಂದರು. ಆ ಕಲ್ಲು ಅವರ ಮನೆಯದು. ಹಿಂದೆ ಹೊಸ ಸೊಸೆ ಹಿತ್ತಾಳೆ ಚೊಂಬು ಹಿಡಿದು ನಿಂತಿದ್ದಳು.

"ಮೇಸ್ತ್ರಿ, ನಮ್ಮ ಕಲ್ಲೆಲ್ಲಪ್ಪ?"

ನಿಜ ಹೇಳಿದ್ದರೆ ಊರವರು ಸೇರಿ ಮೋರಿ ಬಿಚ್ಚಿಸುತ್ತಿದ್ದರು. ಕಳೆದುಹೋಯಿತು ಎಂದಿದ್ದರೆ ಹುಡುಕುತ್ತಿದ್ದರು. ಇಬ್ಬರೂ ಸುಮ್ಮನಾಗುವ ಮಾತು ಯಾವುದೆಂದು ನನಗೆ ಗೊತ್ತಿತ್ತು. ನಾನೂ ಅಂಥದೇ ಮನೆಯಲ್ಲಿ ಹುಟ್ಟಿದವನು.

"ಒಡೆದೋಯ್ತು ಅಜ್ಜಿ. ಇಳಿಸುವಾಗ ಮೂರು ಚೂರಾಯ್ತು. ಜಲ್ಲಿಗೆ ಹಾಕ್ಬಿಟ್ರು."

ಅಜ್ಜಿ ಹುಣಸೆಮರದ ಕಡೆ ತಿರುಗಿದರು. "ಭಿನ್ನ ಆಗೋಯ್ತಾ," ಎಂದರು. "ಭಿನ್ನ ಆದ್ಮೇಲೆ ಇನ್ನೇನು. ಅದಕ್ಕೆ ಎಡೆ ಇಕ್ಕಂಗಿಲ್ಲ. ಬಿಡಪ್ಪ."

ಬಯ್ಯಲಿಲ್ಲ, ಶಾಪ ಹಾಕಲಿಲ್ಲ. ಅತ್ತೆ ಸೊಸೆ ಇಬ್ಬರೂ ಆ ಮೋರಿಯನ್ನೇ ದಾಟಿಕೊಂಡು ಮನೆಗೆ ಹೋದರು. ಉಳಿದ ಎರಡು ಕಲ್ಲುಗಳನ್ನು ಆಮೇಲೆ ಗಾಡಿ ತಂದು ಮನೆಗೆ ಸಾಗಿಸಿದರಂತೆ; ಮ್ಯೂಸಿಯಂಗೆ ಕೊಟ್ಟದ್ದೂ ಆ ಮನೆಯವರೇ.

ನಲವತ್ತು ವರ್ಷದ ಮೇಲಾಯಿತು. ಆ ದಾರಿಯಲ್ಲಿ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಮೋರಿ ಬಂದಾಗ ಕಿಟಕಿಯಿಂದ ಮುಖ ತಿರುಗಿಸಿಕೊಂಡಿದ್ದೇನೆ. ಅಷ್ಟೇ ನನ್ನ ಪ್ರಾಯಶ್ಚಿತ್ತವಾಗಿತ್ತು.

ಸಂಗ್ರಹಾಲಯ ನೋಡಿದ ಮಾರನೆಯ ದಿನ ಕಂಡಕ್ಟರಿಗೂ ಹೇಳದೆ ಆ ಮೋರಿಯಿದ್ದ ರಸ್ತೆಗೆ ಹೋದೆ. ರಸ್ತೆಯ ಒಂದು ಬದಿ ಅಗೆದು ಹಾಕಿದ್ದರು. ಹಳೆಯ ಮೋರಿಗಳನ್ನೆಲ್ಲ ತೆಗೆದು ಕಾಂಕ್ರೀಟಿನ ಪೆಟ್ಟಿಗೆ ಕೂರಿಸುವ ಕೆಲಸ. ಮೊದಲ ಮೋರಿಯ ಚಪ್ಪಡಿಗಳನ್ನು ಆಗಲೇ ಜೆಸಿಬಿ ಗುದ್ದಿ ಚೂರು ಮಾಡಿ ರಾಶಿ ಹಾಕಿತ್ತು. ಇನ್ನೊಂದೆರಡು ವಾರದಲ್ಲಿ ನನ್ನ ಮಾತು ನಿಜವಾಗಿಬಿಡುತ್ತಿತ್ತು. ಹಾಗೆ ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ.

ಅಲ್ಲಿಂದ ಬಸ್ಸು ಹಿಡಿದು ನೇರ ಮೇಡಂ ಹತ್ತಿರ ಹೋದೆ. ಅಡ್ಡಗಲ್ಲು ಒಡೆದಿಲ್ಲ, ಮೋರಿಯಲ್ಲಿದೆ, ಕೂರಿಸುವಾಗ ನಾನು ಅಲ್ಲಿದ್ದೆ ಎಂದೆ. ಅಷ್ಟನ್ನು ಮಾತ್ರ ಹೇಳಿದೆ.

"ಹಾಗಾದ್ರೆ ಯಾರೋ ತಪ್ಪು ತಿಳ್ಕೊಂಡು ಆ ಮನೆಯವರಿಗೆ ಒಡೆದೋಯ್ತು ಅಂದಿರ್ಬೇಕು," ಎಂದರು ಮೇಡಂ. "ನಿಮ್ಮ ನೆನಪು ಎಷ್ಟು ಚೆನ್ನಾಗಿದೆ ಸಾರ್. ಹೊಸ ಫಲಕದಲ್ಲಿ ನಿಮ್ಮ ಹೆಸರು ಹಾಕ್ತೀನಿ."

ನಾನು ತಲೆಯಾಡಿಸಿದೆ. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಎರಡನೆಯ ಸಲ ಸುಳ್ಳು ಹೇಳಲು ಬಾಯಿ ತೆರೆಯುವ ಅಗತ್ಯವೂ ಇರಲಿಲ್ಲ.

ಮೇಡಂ ಅರ್ಜಿ ಬರೆದು, ಓಡಾಡಿ, ಆ ಕೆಲಸದ ಎಂಜಿನಿಯರನ್ನು ಒಪ್ಪಿಸಿದರು. ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. "ಸಾರ್, ಯಾವ ಮೋರಿ ಅಂತ ಗ್ಯಾರಂಟಿ ಹೇಳಿ, ಒಂದು ಬೆಳಿಗ್ಗೆ ಬಿಟ್ಕೊಡ್ತೀನಿ. ಎಲ್ಲಾನೂ ನಿಧಾನವಾಗಿ ಬಿಚ್ತಾ ಕೂತ್ರೆ ಮಳೆ ಬಂದು ನನ್ನನ್ನೇ ಮೋರಿಗೆ ಹಾಕ್ತಾರೆ," ಎಂದರು.

ಮೂರನೆಯದು ಎಂದೆ. ಗಮ್ ಬೂಟು ಹಾಕಿಕೊಂಡು, ಟಾರ್ಚು ಹಿಡಿದು, ಬಗ್ಗಿ ಒಳಗೆ ಹೋದೆ. ಕಂಡಕ್ಟರು ಹೊರಗೆ ನನ್ನ ಕೋಲು ಹಿಡಿದು ನಿಂತರು. ಅಷ್ಟರಲ್ಲಿ ಅವರಿಗೂ ವಿಷಯ ಗೊತ್ತಾಗಿತ್ತು, ಮೇಡಂಗೆ ಗೊತ್ತಿದ್ದಷ್ಟು. ಏಳು ಚಪ್ಪಡಿಗಳ ಹೊಟ್ಟೆಯನ್ನೂ ಕೈಯಿಂದ ಸವರಿದೆ. ಒಂದರಲ್ಲೂ ಗುಣಿಯಿರಲಿಲ್ಲ. ಇನ್ನೊಮ್ಮೆ ಸವರಿದೆ. ಇರಲಿಲ್ಲ.

"ಏನ್ರೀ, ಸ್ಟಾಪ್ ತಪ್ಪಿ ಇಳಿದ್ರಾ?" ಎಂದರು ಕಂಡಕ್ಟರು ಹೊರಗಿನಿಂದ.

ಎಂಜಿನಿಯರ ಮುಖ ಸಪ್ಪಗಾಯಿತು. ನನಗೂ ಅನುಮಾನ ಹತ್ತಿತು. ಹುಣಸೆಮರವಿಲ್ಲ, ಹೊಲವಿಲ್ಲ. ಮರವಿದ್ದ ಜಾಗದಲ್ಲಿ ಬೇಕರಿಯೋ ಔಷಧಿ ಅಂಗಡಿಯೋ ಹೇಳಲಾರೆ. ಎರಡು ದಿನ ಮನೆಯಲ್ಲಿ ಕೂತು ಯೋಚಿಸಿದೆ. ಮೂರನೆಯ ದಿನ ಹೋಗಿ ಚಪ್ಪಡಿಗಳನ್ನು ಬಿಟ್ಟು ಗೋಡೆಗಳನ್ನು ನೋಡಿದೆ. ಮೊದಲ ಮೋರಿಯದು ಒರಟು ಕಲ್ಲಿನ ಗೋಡೆ, ನಮ್ಮ ಕೈಕೆಲಸ. ಎರಡನೆಯದು ಸಿಮೆಂಟ್ ಇಟ್ಟಿಗೆಯದು. ಆ ಇಟ್ಟಿಗೆ ನಮ್ಮ ಕಾಲದ ಕೆಲಸದಲ್ಲಿ ಇರಲೇ ಇಲ್ಲ. ಲೇಔಟ್ ಆದಾಗ ಯಾರೋ ನಡುವೆ ಇನ್ನೊಂದು ಮೋರಿ ಸೇರಿಸಿದ್ದರು. ಅಂದಿನ ಮೂರನೆಯದು ಇಂದಿನ ನಾಲ್ಕನೆಯದು.

ನಾಲ್ಕನೆಯದಕ್ಕೆ ನುಗ್ಗಿದೆ. ಆಚೆ ತುದಿಯಿಂದ ಎರಡನೆಯ ಚಪ್ಪಡಿಯಲ್ಲಿ, ಗೋಡೆಯಿಂದ ನಾಲ್ಕು ಬೆರಳು ಒಳಗೆ, ನನ್ನ ಕೈ ಒಂದು ಗುಣಿಯೊಳಗೆ ಹೋಯಿತು. ಎದುರು ಗೋಡೆಯ ಕಡೆಯೂ ಅಂಥದೇ ಇನ್ನೊಂದು. ಕೊಳಚೆ ನೀರಿನಲ್ಲಿ ಕಾಲಿಟ್ಟುಕೊಂಡು ಆ ಗುಣಿಯಿಂದ ಕೈ ತೆಗೆಯದೆ ಬಹಳ ಹೊತ್ತು ನಿಂತಿದ್ದೆ. ಉಸಿರುಗಟ್ಟಿ ಸತ್ತೀರಿ ಎಂದು ಕಂಡಕ್ಟರು ಕೂಗಿದ ಮೇಲೆಯೇ ಹೊರಗೆ ಬಂದದ್ದು.

ಎಂಜಿನಿಯರು ಗುರುವಾರದ ಬೆಳಿಗ್ಗೆ ಕೊಟ್ಟರು. ಮೇಡಂ ಹಿಗ್ಗಿ, ಆ ಮನೆಯವರಿಗೆ ಕಲ್ಲು ಮೇಲೆ ಬಂದಾದ ನಂತರ ಹೇಳೋಣ, ಅಚ್ಚರಿಯಾಗಲಿ ಎಂದರು. ಮನೆಗೆ ಬಂದು ಅದನ್ನೇ ಯೋಚಿಸುತ್ತ ಕೂತೆ. ಅಷ್ಟು ವರ್ಷ ಲಾರಿ ಬಸ್ಸುಗಳ ಭಾರ ಹೊತ್ತ ಕಲ್ಲು ಅದು. ಎತ್ತುವಾಗ ಒಡೆಯಬಹುದು. ಒಡೆದರೆ ನನ್ನ ಸುಳ್ಳು ನಿಜವಾಗುತ್ತದೆ, ನಾನು ಸಾಯುವವರೆಗೂ ಅದರ ಹಿಂದೆ ಅಡಗಿ ಕೂರುತ್ತೇನೆ. ಇಡಿಯಾಗಿ ಬಂದರೆ ನನ್ನ ಹೆಸರು ಫಲಕಕ್ಕೆ ಏರುತ್ತದೆ, ಅದರ ಹಿಂದೆ ಅಡಗುತ್ತೇನೆ. ಎರಡೂ ಆಗುವ ಮೊದಲೇ ಹೇಳಬೇಕಿತ್ತು. ಬುಧವಾರ ಬೆಳಿಗ್ಗೆ ಮೇಡಂಗೆ ಫೋನ್ ಮಾಡಿ, "ಈಗಲೇ ಆ ಮನೆಗೆ ಕರ್ಕೊಂಡು ಹೋಗಿ," ಎಂದೆ.

ಅಜ್ಜಿ ತೀರಿಕೊಂಡು ವರ್ಷಗಳಾಗಿದ್ದವು. ಅಂದು ಚೊಂಬು ಹಿಡಿದು ನಿಂತಿದ್ದ ಸೊಸೆಯೇ ಈಗ ಮನೆಗೆ ಹಿರಿಯರು. ಕೆಳಗೆ ಅಂಗಡಿಗಳು, ಮೇಲೆ ಮನೆ. ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು.

"ಇವರೇ ಅಮ್ಮ, ನಿಮ್ಮ ಕಲ್ಲು ಪತ್ತೆ ಮಾಡಿದ್ದು," ಎಂದರು ಮೇಡಂ.

"ಪತ್ತೆ ಮಾಡಿದ್ದಲ್ಲ," ಎಂದೆ. "ಮೋರಿಗೆ ಹಾಕಿಸಿದ್ದೇ ನಾನು. ಒಡೆದೋಯ್ತು ಅಂತ ನಿಮ್ಮತ್ತೆಗೆ ಸುಳ್ಳು ಹೇಳಿದವನೂ ನಾನೇ."

ಮೇಡಂ ನನ್ನ ಕಡೆ ತಿರುಗಿದರು. ಆ ತಾಯಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಆವಾಗ ಮೀಸೆ ಇತ್ತು ನಿಮಗೆ."

"ಇತ್ತಮ್ಮ."

"ಅದನ್ನ ತಿರುವ್ತಾನೇ ಹೇಳಿದ್ರಿ. ಮೂರು ಚೂರು ಅಂತ ಲೆಕ್ಕ ಬೇರೆ ಕೊಟ್ರಲ್ಲ, ಅದಕ್ಕೇ ನಂಬಿದ್ವಿ."

ಒಳಗೆ ಹೋಗಿ ಕಾಫಿ ತಂದಿಟ್ಟು ಎದುರಿಗೆ ಕೂತರು.

"ಆ ಹೆಣ್ಣುಮಗಳು ನಮ್ಮತ್ತೆಗೆ ಸೋದರತ್ತೆ," ಎಂದರು. "ವರ್ಷವರ್ಷ ಪಿತೃಪಕ್ಷದಲ್ಲಿ ಎಡೆ ಬುಟ್ಟಿ ಹೊತ್ಕೊಂಡು ಹೋಗಿ ಆ ಕಲ್ಲಿನ ಮೇಲೆ ಇಳಿಸೋದು ನಮ್ಮನೆ ಪದ್ಧತಿ. ಹೆಂಗಸರೇ ಹೊರಬೇಕು, ಒಬ್ರೇ ಹೋಗ್ಬೇಕು. ನೀವು ಭಿನ್ನ ಆಯ್ತು ಅಂದ್ಮೇಲೆ ನಿಂತೋಯ್ತು. ಆದ್ರೂ ನಮ್ಮತ್ತೆ ಸಾಯೋವರೆಗೂ ಎಡೆ ದಿನ ಒಂದು ಎಲೆ ಜಾಸ್ತಿ ತೊಳೆಯೋರು. ತೊಳೆದು, ಒರೆಸಿ, ಮತ್ತೆ ಎತ್ತಿಡೋರು. ಅವಳಿಗೆ ಇಕ್ಕೋಕೆ ಜಾಗ ಇಲ್ವಲ್ಲ ಅನ್ನೋರು."

"ನನ್ನ ಕ್ಷಮಿಸಬೇಕಮ್ಮ."

"ಅವರಿಗೆ ಹೇಳಿದ ಸುಳ್ಳಿಗೆ ನಾನು ಹೆಂಗೆ ಕ್ಷಮಿಸ್ಲಿ? ಅದು ನನ್ನ ಕೈಲಿಲ್ಲ. ಕಾಫಿ ಕುಡೀರಿ, ಆರೋಗುತ್ತೆ."

ಕುಡಿದೆ. ಲೋಟ ಕೆಳಗಿಡುವಾಗ ಅವರೇ ಕೇಳಿದರು. "ಕಲ್ಲು ತೆಗೆದ ಮೇಲೆ ಬರಬಹುದಿತ್ತಲ್ಲ, ಇವತ್ತೇ ಯಾಕೆ ಬಂದ್ರಿ?"

"ನಾಳೆ ತೆಗೆಯುವಾಗ ಒಡೆದ್ರೂ ಒಡೀಬಹುದಮ್ಮ. ಆಗ ನನ್ನ ಸುಳ್ಳೇ ನಿಜ ಆಗ್ಬಿಡುತ್ತೆ, ನೀವು ಆವಾಗಿನ ಹಾಗೇ ಮತ್ತೆ ಏನೂ ಅನ್ನಲ್ಲ."

ಅವರು ಲೋಟಗಳನ್ನು ಒಟ್ಟು ಮಾಡಿದರು. "ಎಷ್ಟು ಗಂಟೆಗೆ?" ಎಂದರು. "ನಾನೂ ಬರ್ತೀನಿ."

ಗುರುವಾರ ಏಳು ಗಂಟೆಗೆ ಕೆಲಸ ಶುರುವಾಯಿತು. ಜೆಸಿಬಿ ಡ್ರೈವರು ಗದಗದ ಕಡೆಯವನು. "ಅಜ್ಜಾರ, ಇದರಾಗ ಬಂಗಾರ ಐತೇನ್ರಿ? ಒಂದ ಗುದ್ದಿಗೆ ಎಬ್ಬಸ್ತೀನಿ ಸರೀರಿ," ಎಂದ. ಅವನನ್ನು ಇಳಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಮೊದಲು ಮೇಲಿನ ಟಾರು, ಜಲ್ಲಿಗಳನ್ನು ಗುದ್ದಲಿಯಿಂದ ಬಿಡಿಸಿದೆವು. ನಂತರ ಅಕ್ಕಪಕ್ಕದ ಚಪ್ಪಡಿಗಳನ್ನು ತೆಗೆದು ನಮ್ಮ ಕಲ್ಲನ್ನು ಒಂಟಿ ಮಾಡಿದೆವು. ಆಳುಗಳು ಹಾರೆಯನ್ನು ನಡುವೆ ತೂರಿಸಲು ಹೋದರು. ಬೇಡವೆಂದೆ. ನಡುವಿನಿಂದ ಮೀಟಿದರೆ ಕಲ್ಲು ತನ್ನ ಭಾರಕ್ಕೇ ಮುರಿಯುತ್ತದೆ. ಒಂದು ತುದಿಯನ್ನು ಬೆರಳು ದಪ್ಪ ಎತ್ತಿ ಮರದ ಬೆಣೆ ಕೊಡಬೇಕು, ಇನ್ನೊಂದು ತುದಿಯನ್ನು ಬೆರಳು ದಪ್ಪ ಎತ್ತಬೇಕು, ಮತ್ತೆ ಈ ಕಡೆ ಬರಬೇಕು. ಹೀಗೆ ಒಂದೂವರೆ ಗಂಟೆ. ಎಂಜಿನಿಯರು ಮೂರು ಸಲ ಗಡಿಯಾರ ನೋಡಿದರು.

ಅಂಗೈ ಅಗಲ ಸಂದಾದ ಮೇಲೆ ಅಗಲವಾದ ಬಟ್ಟೆಯ ಬೆಲ್ಟುಗಳನ್ನು ಎರಡು ಕಡೆ ಹಾಯಿಸಿ ಜೆಸಿಬಿಯ ಕೈಗೆ ಕಟ್ಟಿ, ಡ್ರೈವರನ್ನು ಮತ್ತೆ ಹತ್ತಿಸಿದೆವು. ಎತ್ತುವಾಗ ಎಲ್ಲಿಂದಲೋ ಟಕ್ ಎಂದಿತು. ಡ್ರೈವರು ಜೆಸಿಬಿಯ ಕೈಯನ್ನು ಅಲ್ಲೇ ನಿಲ್ಲಿಸಿದ. ನಾನು ಬಗ್ಗಿ ನೋಡಿದೆ. ಗೋಡೆಯ ತುದಿಯ ಗಾರೆ ಕಿತ್ತುಕೊಂಡಿತ್ತು, ಅದರೊಡನೆ ಕಲ್ಲಿನ ಒಂದು ಮೂಲೆಯಿಂದ ಹಿಡಿಯಷ್ಟು ಚೂರು. ಕಲ್ಲು ಗಾಳಿಯಲ್ಲಿ ಸ್ವಲ್ಪ ತೂಗಿ, ಮರಳಿನ ಮೇಲೆ ಮೆತ್ತಗೆ ಕೂತಿತು. ಮರಳನ್ನು ನಾನೇ ನಿಂತು ಎರಡು ಬಂಡಿ ಸುರಿಸಿದ್ದೆ.

ಒಳಗೆ ಬಿರುಕಿದೆಯೋ ಇಲ್ಲವೋ ಕಣ್ಣಿಗೆ ಕಾಣದು. ತುದಿಗಳ ಕೆಳಗೆ ಎರಡು ಮರದ ರೀಪು ಕೊಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಬೇಕು. ಒಡೆಯದ ಕಲ್ಲು ಠಣ್ ಎನ್ನುತ್ತದೆ, ಒಡೆದದ್ದು ಬೊದ್ದೆನ್ನುತ್ತದೆ. ನನ್ನ ಕಿವಿ ಈಗ ಮಂದ. ಅದಕ್ಕಿಂತ, ಈ ಕಲ್ಲಿನ ವಿಷಯದಲ್ಲಿ ನನ್ನ ಮಾತನ್ನು ಇನ್ನೊಮ್ಮೆ ಅವರು ನಂಬುವ ಹಾಗಾಗಬಾರದು. ಆ ತಾಯಿಯನ್ನು ಕರೆದೆ. ಪಕ್ಕದಲ್ಲಿ ಬಿದ್ದಿದ್ದ ಮುರಿದ ಚಪ್ಪಡಿಯನ್ನು ಮೊದಲು ತಟ್ಟಿದೆ.

"ಇದು ಒಡೆದಿದ್ದರ ಸದ್ದು. ಕೇಳಿಸ್ತಾ?"

"ಮಡಕೆ ಬಡಿದಂಗಿದೆ."

"ಈಗ ನಿಮ್ಮದನ್ನ ಕೇಳಿ."

ಈ ತುದಿಯಿಂದ ಆ ತುದಿಗೆ ಗೇಣಿಗೊಂದರಂತೆ ತಟ್ಟುತ್ತ ಹೋದೆ. ಅವರು ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ಜತೆಗೇ ನಡೆದರು. ಕೊನೆಯ ಏಟು ಮುಗಿದ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಗಂಟೆ ಇದ್ದಂಗಿದೆ," ಎಂದರು.

ಮುಕ್ಕಾದ ಮೂಲೆಯನ್ನು ನಾನೇ ತೋರಿಸಿದೆ. ಇದನ್ನು ಭಿನ್ನವೆಂದು ಕರೆಯುವುದಾದರೆ ಕರೆಯಬಹುದು, ಹೇಳಬೇಕಾದವರು ನೀವು ಎಂದೆ.

ಅವರು ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. "ನನಗೂ ಮುಂದಿನ ಎರಡು ಹಲ್ಲು ಹೋಗಿವೆ. ಅದಕ್ಕೇನು, ಊಟ ಇಕ್ಕಲ್ವಾ ಮನೇಲಿ?"

ಕಂಡಕ್ಟರು ಮೊದಲು ನಕ್ಕರು. ಆಮೇಲೆ ಡ್ರೈವರು. ನನಗೆ ನಗು ಬರಲಿಲ್ಲ, ಕಣ್ಣಿಗೆ ಮರಳು ಬಿದ್ದವನ ಹಾಗೆ ಉಜ್ಜಿಕೊಂಡೆ.

ಕಲ್ಲು ನಿಲ್ಲುವ ಜಾಗದ ಮಾತು ಬಂತು. ಹಳೆಯ ಜಾಗದಲ್ಲಿ ಈಗ ಅಂಗಡಿಗಳ ಸಾಲು. ಮ್ಯೂಸಿಯಂ ಅಂಗಳವೇ ಇರಲಿ ಎಂದು ಅವರು ಒಪ್ಪಿದರು, ಪಿತೃಪಕ್ಷದ ದಿನ ಬಾಗಿಲು ತೆರೆದಿರಬೇಕೆಂದು ಮೇಡಂ ಹತ್ತಿರ ಮಾತು ತೆಗೆದುಕೊಂಡು. ನಾನು ಒಂದು ಕೆಲಸ ಕೇಳಿ ಪಡೆದೆ. ಕಟ್ಟೆಯ ಮೇಲಿನ ಎರಡು ಕಲ್ಲುಗಳು ನೋಟಕ್ಕೆಂದು ಎತ್ತರವಾಗಿ ನಿಂತಿದ್ದವು. ಅವುಗಳ ಬುಡದಲ್ಲಿ ಮಣ್ಣಿನ ಕೆಂಪು ಕಲೆ ಒಂದು ಗೆರೆಗೆ ನಿಂತಿತ್ತು. ಒಂದು ಕಾಲಕ್ಕೆ ನೆಲವಿದ್ದದ್ದು ಅಲ್ಲಿಯವರೆಗೆ. ಕಟ್ಟೆ ಒಡೆಸಿ, ಆ ಗೆರೆಯವರೆಗೂ ಹೂತು, ದಾರ ಹಿಡಿದು ಮಟ್ಟ ನೋಡಿ, ಕುತ್ತಿಗಳ ಮೇಲೆ ಅಡ್ಡಗಲ್ಲು ಕೂರಿಸಿದೆ. ಗುಣಿಯೊಳಗೆ ಕುತ್ತಿ ಸೇರುವಾಗ ಸದ್ದೇ ಆಗಲಿಲ್ಲ.

ಫಲಕದ ಹಳೆಯ ವಾಕ್ಯ ತೆಗೆದು ಬೇರೆ ಬರೆಯಲು ಹೇಳಿದೆ. ಮೇಡಂ ಹಿಂಜರಿದರು. "ಸುಳ್ಳು ಅನ್ನೋ ಪದ ಫಲಕದಲ್ಲಿ ಬೇಕಾ ಸಾರ್?"

"ಬರೀರಿ," ಎಂದರು ಆ ತಾಯಿ. "ಹೆಸರು ಬೇಡ. ಮೇಸ್ತ್ರಿ ಅಂದ್ರೆ ಸಾಕು." ಈಗ ಅಲ್ಲಿ ಹಾಗೆಯೇ ಇದೆ. ಮೋರಿಗೆ ಹಾಕಿಸಿದ ಮೇಸ್ತ್ರಿ ಒಡೆಯಿತೆಂದು ಸುಳ್ಳು ಹೇಳಿದ್ದರು, ಇಡಿಯಾಗಿ ಸಿಕ್ಕಿದೆ ಎಂದು.

ಪಿತೃಪಕ್ಷದ ಅಮಾವಾಸ್ಯೆಯಂದು ನನಗೂ ಹೇಳಿಕಳಿಸಿದ್ದರು. ಗೋಡೆಯ ಪಕ್ಕದಲ್ಲಿ ಕಂಡಕ್ಟರ ಜತೆ ನಿಂತಿದ್ದೆ. ಗೇಟಿನ ಹೊರಗೆ ಆಟೋ ನಿಂತಿತು. ಆ ತಾಯಿ ಇಳಿದು, ಬಿದಿರು ಬುಟ್ಟಿಯನ್ನು ತಲೆಯ ಮೇಲಿನ ಬಟ್ಟೆಯ ಸಿಂಬಿಯ ಮೇಲೆ ಇಟ್ಟುಕೊಂಡು ಒಬ್ಬರೇ ನಡೆದು ಬಂದರು. ಬುಟ್ಟಿಯಲ್ಲಿ ಮುದ್ದೆ, ಸಾರು, ವಡೆ, ಹೊಸ ಸೀರೆ, ಬಾಳೆಲೆ. ಭಾರಕ್ಕೆ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಮೇಡಂ ಕೈ ಚಾಚಿ ಮುಂದೆ ಹೋದರು. ನಾನೂ ಎರಡು ಹೆಜ್ಜೆ ಇಟ್ಟೆ.

"ಯಾರೂ ಮುಟ್ಟಬೇಡಿ," ಎಂದರು ತಲೆ ಅಲ್ಲಾಡಿಸದೆ. "ಯಾರೂ ಇಲ್ಲದವರು ಇಳಿಸೋಕೇ ಅಲ್ವಾ ಇದನ್ನ ನಿಲ್ಸಿರೋದು."

ಕಲ್ಲಿನ ಹತ್ತಿರ ಬಂದು ನಿಂತರು. ಮೊಣಕಾಲು ಬಗ್ಗಿಸಲಿಲ್ಲ, ತುದಿಗಾಲಿನಲ್ಲಿ ನಿಲ್ಲಲಿಲ್ಲ. ಕತ್ತನ್ನು ಒಂದಿಷ್ಟು ಮುಂದಕ್ಕೆ ಕೊಟ್ಟರು. ಬುಟ್ಟಿ ಸಿಂಬಿಯಿಂದ ಜಾರಿ ಕಲ್ಲಿನ ಮೇಲೆ ಹೋಗಿ ಕೂತಿತು.

ಸೆರಗಿನಿಂದ ಹಣೆ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಎತ್ತರ ಸರಿಯಾಗಿದೆ ಮೇಸ್ತ್ರಿ," ಎಂದರು.